ಸ್ಪಟರಿಂಗ್ ಇಲ್ಲದೆ ವನೇಡಿಯಂ ಡೈಆಕ್ಸೈಡ್ ಫಿಲ್ಮ್: ನನ್ನ ಅನುಭವ

ಸೋಲ್-ಜೆಲ್‌ನಲ್ಲಿ (ದ್ರಾವಣ ಬಳಿದು ಕಾಯಿಸುವ ವಿಧಾನ) ವನೇಡಿಯಂ ಡೈಆಕ್ಸೈಡ್‌ನ ಒಳ್ಳೆಯ ಫಿಲ್ಮ್, ಅಂದರೆ ತೆಳು ಪದರ, ಬರಲ್ಲ, ಅದಕ್ಕೆ ನಿರ್ವಾತದಲ್ಲಿ ಅಯಾನು ಬಡಿದು ಪದರ ಕೂರಿಸುವ ಸ್ಪಟರಿಂಗೇ ಬೇಕು, ಸುಮ್ನೆ ದುಡ್ಡು ಸುರೀಬೇಡ ಅಂತ ಎಲ್ಲರೂ ಹೇಳಿದ್ದರು. ಈಗ ನನ್ನ ಫಿಲ್ಮ್ ತಣ್ಣಗಿದ್ದಾಗ 1550 ನ್ಯಾನೋಮೀಟರ್ (ಕಣ್ಣಿಗೆ ಕಾಣದ ಇನ್ಫ್ರಾರೆಡ್) ಲೇಸರ್‌ ಬೆಳಕನ್ನು ಸುಮಾರು ಶೇ 60ರಷ್ಟು ಬಿಡುತ್ತದೆ. 70 ಡಿಗ್ರಿ ದಾಟಿಸಿದರೆ ಅದು ಶೇ 25ರ ಹತ್ತಿರಕ್ಕೆ ಇಳಿಯುತ್ತದೆ. ಕಣ್ಣಿಗೆ ಮಾತ್ರ ಏನೂ ಬದಲಾದಂತೆ ಕಾಣಲ್ಲ. ಅದೇ ಕಂದು ಹಳದಿ ತುಂಡು, ಪಕ್ಕದ ಮೀಟರ್‌ನಲ್ಲಿ ಅಂಕಿ ಧಡಕ್ಕನೆ ಬೀಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ದ್ರಾವಣ ಎಲ್ಲರಿಗೂ ಗೊತ್ತಿರುವುದೇ. ವನೇಡಿಯಂ ಪೆಂಟಾಕ್ಸೈಡ್ ಒಂದು ಪಾಲು, ಆಕ್ಸಾಲಿಕ್ ಆಸಿಡ್ ಮೂರು ಪಾಲು, ಮೋಲ್ ಲೆಕ್ಕದಲ್ಲಿ. ವನೇಡಿಯಂ ಪುಡಿ ವಿಷ, ಫ್ಯೂಮ್ ಹುಡ್ (ಹೊಗೆ, ದೂಳು ಎಳೆದುಕೊಳ್ಳುವ ಪೆಟ್ಟಿಗೆ) ಒಳಗೇ ತೂಗಿ. 80 ಡಿಗ್ರಿಯಲ್ಲಿ ಕಲಕುತ್ತಿದ್ದರೆ ಗುಳ್ಳೆ ಏಳುತ್ತವೆ, ಹಳದಿ ರಾಡಿ ಹಸಿರಾಗುತ್ತದೆ, ಕೊನೆಗೆ ಕಡುನೀಲಿಯಾಗಿ ತಿಳಿಯಾಗುತ್ತದೆ. ಹಸಿರು ಉಳಿದಿದ್ದರೆ ಕೋಟ್ ಮಾಡಲೇಬೇಡಿ. ಫಿಲ್ಮ್ ಬಿರುಕು ಬಿಡದಿರಲಿ ಅಂತ ಪಿವಿಪಿ ಅನ್ನುವ ಪಾಲಿಮರ್ ಹಾಕುತ್ತೇನೆ. ಎಷ್ಟು, ಯಾವಾಗ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡು ತಿಂದದ್ದೆಲ್ಲ ಅನೀಲಿಂಗ್, ಅಂದರೆ ಬಳಿದ ಫಿಲ್ಮನ್ನು ಫರ್ನೇಸ್‌ನಲ್ಲಿ ನೈಟ್ರೋಜನ್ ಹರಿಸುತ್ತಾ ಕಾಯಿಸುವುದು. ಆಕ್ಸಿಜನ್ ಸ್ವಲ್ಪ ಜಾಸ್ತಿಯಾದರೆ ಫಿಲ್ಮ್ ಮತ್ತೆ ಪೆಂಟಾಕ್ಸೈಡ್ ಆಗಿ ಹಳದಿಗೆ ತಿರುಗುತ್ತದೆ. ತೀರಾ ಕಮ್ಮಿಯಾದರೆ ಕಪ್ಪಗಾಗಿ, ಎಷ್ಟು ಬಿಸಿ ಮಾಡಿದರೂ ಅಲ್ಲಾಡಲ್ಲ. ಒಂದೇ ಬ್ಯಾಚ್‌ನಲ್ಲಿ ಎರಡೂ ಬರುತ್ತಿದ್ದವು. ಶುದ್ಧ ನೈಟ್ರೋಜನ್ ಸಿಲಿಂಡರ್ ಒಂದಾದ ಮೇಲೊಂದು ಖಾಲಿಯಾಯಿತು. ಫಿಲ್ಮ್ ಬಳಿಯುವ ಸಫೈರ್ ಹರಳಿನ ತುಂಡುಗಳಿಗೆ ಕೊಟ್ಟದ್ದು ಟ್ಯೂಬ್ ಫರ್ನೇಸ್‌ ಬೆಲೆಯನ್ನೇ ಮೀರಿತು. ಗ್ಯಾಸ್ ದೋಷ ಅಂತ ಎಲ್ಲರೂ ಅಂದರು, ನನಗೆ ನಂಬಿಕೆ ಬರಲಿಲ್ಲ. ಗ್ಯಾಸ್ ಒಯ್ಯುವ ಮೆತ್ತನೆ ಪ್ಲಾಸ್ಟಿಕ್ ಕೊಳವೆ ಕಿತ್ತು ಸ್ಟೀಲ್ ಹಾಕಿದೆ. ಆ ಕೊಳವೆಯ ಗೋಡೆಯೊಳಗಿಂದಲೇ ಗಾಳಿ ನುಸುಳುತ್ತಿತ್ತು! ಅಲ್ಲಿಂದಾಚೆಗೆ 500 ಡಿಗ್ರಿ ಆಸುಪಾಸಿನಲ್ಲಿ, ಒಂದು ಗಂಟೆ ಚಿಲ್ಲರೆಯಲ್ಲಿ, ಹತ್ತರಲ್ಲಿ ಎಂಟು ಫಿಲ್ಮ್ ಸರಿಯಾಗಿ ಬರುತ್ತಿವೆ. ತಣ್ಣಗಾಗುವಾಗಲೂ ಗ್ಯಾಸ್ ನಿಲ್ಲಿಸಬೇಡಿ. ದುಡ್ಡು ಉಳಿಸೋಕೆ ಮಾಮೂಲಿ ಗಾಜಿಗೆ ಹೋಗುವುದೂ ಬೇಡ, ಅದರ ಸೋಡಿಯಂ ಫಿಲ್ಮ್‌ಗೆ ಹತ್ತಿ ಕೆಡಿಸುತ್ತದೆ. ಸಫೈರ್ ದುಬಾರಿ ಅನಿಸಿದರೆ ಫ್ಯೂಸ್ಡ್ ಸಿಲಿಕಾ (ಶುದ್ಧ ಸಿಲಿಕಾದ ಗಾಜು) ಸಾಕು, ಬಿಸಿಯಾದಾಗಿನ ಜಿಗಿತ ಸ್ವಲ್ಪ ಮಂದವಾಗುತ್ತದೆ ಅಷ್ಟೆ.

ಟಂಗ್ಸ್ಟನ್ ಬೆರೆಸಿಯೂ ನೋಡಿದೆ. ಪರಮಾಣು ಲೆಕ್ಕದಲ್ಲಿ ಶೇ 1ಕ್ಕೆ ಫಿಲ್ಮ್ ಬದಲಾಗುವ ತಾಪಮಾನ ಸುಮಾರು 20 ಡಿಗ್ರಿ ಇಳಿಯಿತು, ಆದರೆ ಬಿಸಿಗೂ ತಂಪಿಗೂ ಇರುವ ವ್ಯತ್ಯಾಸವೂ ಸೊರಗಿತು. ಕಿಟಕಿ ಗಾಜಿಗೆ ಅದು ಬೇಕಾದೀತು, ಲೇಸರ್ ಬೆಳಕನ್ನು ಬಿಡುವ, ತಡೆಯುವ ಸ್ವಿಚ್ಚಿಗೆ ನನಗಂತೂ ಬೇಡ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಪ್ರಯೋಗ. ಈ ಫಿಲ್ಮ್ ಬಿಸಿಯಾಗುವಾಗ 70ರ ಹತ್ತಿರ ಬದಲಾಗುತ್ತದೆ, ಆದರೆ ವಾಪಸ್ ಬರುವುದು 60ರ ಹತ್ತಿರ. ಹಾಟ್‌ಪ್ಲೇಟನ್ನು ನಡುವೆ, 65ಕ್ಕೆ ನಿಲ್ಲಿಸಿ ಇನ್ನೊಂದು ಲೇಸರ್‌ನಿಂದ ಒಂದೇ ಪಲ್ಸ್ ಹೊಡೆದೆ. ಮೀಟರ್ ಕೆಳಗಿಳಿದು ಅಲ್ಲೇ ನಿಂತಿತು. ಪಲ್ಸ್ ಹೋದ ಮೇಲೂ ಫಿಲ್ಮ್ ಅದನ್ನು ನೆನಪಿಟ್ಟುಕೊಂಡಿತ್ತು. ಪ್ಲೇಟ್ ಆರಿಸಿದರೆ ಮರೆಯುತ್ತದೆ, ನಿಜ. ಶಾಖವಿಲ್ಲದೆ ನೆನಪು ಉಳಿಯಬೇಕಂದ್ರೆ ಜರ್ಮೇನಿಯಂ-ಆಂಟಿಮನಿ-ಟೆಲ್ಯುರಿಯಂ ಮಿಶ್ರಣದಂಥ ಫಿಲ್ಮ್ ಬೇಕು. ಅದಕ್ಕೆ ಮಾತ್ರ ನಾನೂ ಸ್ಪಟರಿಂಗ್ ಮೆಷಿನ್ ಬಾಡಿಗೆಗೆ ಹುಡುಕುತ್ತಿದ್ದೇನೆ.