ಗೋಥಿಕ್ ಕಾದಂಬರಿ ಓದುವುದು ಹೇಗೆ? ಮೊದಲು ಕತೆ ಹೇಳುವವರನ್ನು ಹಿಡಿಯಿರಿ

ಪದವಿ ತರಗತಿಗೆ ಗೋಥಿಕ್ ಕಾದಂಬರಿ, ಅಂದರೆ ಹಳೆ ಮನೆ, ದೆವ್ವ, ಭಯ ತುಂಬಿದ ಕತೆ, ಬಂತೆಂದರೆ ಹಲವರು ಮೊದಲು ಹುಡುಕುವುದು ಗೈಡನ್ನು. ಅದರಲ್ಲಿ ನಿರೂಪಣೆ, ಪಾತ್ರ, ಪರಿಸರ ಅಂತ ಮೂರು ಬೇರೆ ಬೇರೆ ಟಿಪ್ಪಣಿ ಇರುತ್ತವೆ. ಕಾದಂಬರಿಯಲ್ಲಿ ಮಾತ್ರ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎಮಿಲಿ ಬ್ರಾಂಟೆ 1847ರಲ್ಲಿ ಎಲಿಸ್ ಬೆಲ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ‘ವುದರಿಂಗ್ ಹೈಟ್ಸ್’ ಇಟ್ಟುಕೊಂಡು ನೋಡೋಣ.

ಮೊದಲ ಕೆಲಸ: ಪೆನ್ಸಿಲ್ ಹಿಡಿದು, ಪ್ರತಿ ಅಧ್ಯಾಯದ ತಲೆಯಲ್ಲಿ ಕತೆ ಹೇಳುವವರ ಹೆಸರು ಬರೆಯಿರಿ. ಒಟ್ಟು 34 ಅಧ್ಯಾಯ. ಮೊದಲ ಮೂರು ಲಾಕ್‌ವುಡ್‌ನದು, ಬಾಡಿಗೆಗೆ ಬಂದ ಹೊಸಬ. ನಾಲ್ಕರಲ್ಲಿ ಮನೆಗೆಲಸದ ನೆಲ್ಲಿ ಡೀನ್ ಬಾಯಿ ಬಿಡುತ್ತಾಳೆ. 13ರಲ್ಲಿ ಕತೆಯ ನಾಯಕ ಹೀತ್‌ಕ್ಲಿಫ್‌ನ ಹೆಂಡತಿ ಇಸಬೆಲ್ಲಾಳ ಪತ್ರ. ಅದನ್ನು ನೆಲ್ಲಿ ಓದುತ್ತಾಳೆ, ಲಾಕ್‌ವುಡ್ ಕೇಳುತ್ತಾನೆ, ನಮಗೆ ಸಿಗುವುದು ಮೂರನೇ ಕೈ ಸುದ್ದಿ.

ಆಮೇಲೆ ಇವರನ್ನು ಎಷ್ಟು ನಂಬಬಹುದು ನೋಡಿ. 2ನೇ ಅಧ್ಯಾಯದಲ್ಲಿ ಲಾಕ್‌ವುಡ್ ಮೂಲೆಯಲ್ಲಿ ಬೆಕ್ಕುಗಳಿವೆ ಅಂದುಕೊಂಡು, ಇವು ನಿಮಗೆ ಇಷ್ಟವಾ ಎಂಬಂತೆ ಮಾತು ತೆಗೆಯುತ್ತಾನೆ. ಅಲ್ಲಿದ್ದದ್ದು ಸತ್ತ ಮೊಲಗಳ ರಾಶಿ! ನೆಲ್ಲಿ ಇಷ್ಟು ಪೆದ್ದಿಯಲ್ಲ, ಆದರೆ ಜಾಸ್ತಿ ಅಪಾಯ ಅವಳಿಂದಲೇ ಅಂತ ನನಗನಿಸುತ್ತದೆ. 9ನೇ ಅಧ್ಯಾಯದಲ್ಲಿ, ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ನನಗೇ ಅವಮಾನ ಎಂದು ವುದರಿಂಗ್ ಹೈಟ್ಸ್ ಮನೆಯ ಮಗಳು ಕ್ಯಾಥರೀನ್ ನೆಲ್ಲಿಗೆ ಹೇಳುವಾಗ ಅವನು ಅಲ್ಲೇ ಬೆಂಚಿನ ಮೇಲಿದ್ದ. ಎದ್ದು ಹೋದದ್ದನ್ನು ನೆಲ್ಲಿ ಕಂಡಳು. ಸುಮ್ಮನಿರು ಅಂದಳೇ ಹೊರತು, ಅವನು ಕೇಳಿಸಿಕೊಂಡ ಅಂತ ಆಗಲೇ ಹೇಳಲಿಲ್ಲ. ಅವನು ಮರಳಿ ಬಂದದ್ದು ಮೂರು ವರ್ಷದ ಮೇಲೆ.

ಪಾತ್ರಕ್ಕೆ ‘ಕ್ರೂರಿ’, ‘ಹಟಮಾರಿ’ ಅಂತ ಗುಣಗಳ ಪಟ್ಟಿ ಬೇಡ. ಬೇರೆಯವರು ಆ ಪಾತ್ರವನ್ನು ಹೇಗೆ ಕರೆದರು ಅಂತ ಗುರುತು ಹಾಕಿ. ಲಿವರ್‌ಪೂಲಿನ ಬೀದಿಯಿಂದ ತಂದ ಮಗು ಹೀತ್‌ಕ್ಲಿಫ್. ನೆಲ್ಲಿಗೆ ಅವನು ಮೊದಲು ‘ಅವನು’ ಅಲ್ಲ, ‘ಅದು’. ಬೆಳಗಾಗುವಷ್ಟರಲ್ಲಿ ತೊಲಗಲಿ ಅಂತ ಅದನ್ನು ಮೆಟ್ಟಿಲ ಹತ್ತಿರ ಬಿಡುತ್ತಾಳೆ. ಅವನಿಗಿಟ್ಟ ಹೆಸರೂ ಆ ಮನೆಯಲ್ಲಿ ಸತ್ತ ಮಗುವಿನದು.

ಇನ್ನು ಜಾಗ. ಯಾರ್ಕ್‌ಷೈರಿನ ಬಯಲು, ಗಾಳಿಗೆ ವಾಲಿದ ಮರಗಳು, ಇವನ್ನು ಎಲ್ಲರೂ ಬರೆಯುತ್ತಾರೆ. ನೀವು ಒಂದೇ ಒಂದು ವಸ್ತು ಹಿಡಿಯಿರಿ: ಕಿಟಕಿ. ಯಾರು ಒಳಗೆ, ಯಾರು ಹೊರಗೆ ಅಂತ ಪ್ರತಿ ಸಲ ಬರೆದಿಡಿ. 3ನೇ ಅಧ್ಯಾಯದಲ್ಲಿ ಲಾಕ್‌ವುಡ್ ಕನಸಿನಲ್ಲಿ ಗಾಜು ಒಡೆದು ಕೊಂಬೆಗೆ ಕೈ ಚಾಚುತ್ತಾನೆ. ಸಿಗುವುದು ತಣ್ಣನೆಯ ಪುಟ್ಟ ಕೈ, ಸತ್ತ ಕ್ಯಾಥರೀನಳ ದೆವ್ವದ್ದು. ಅದನ್ನು ಒಡೆದ ಗಾಜಿಗೆ ಉಜ್ಜುತ್ತಾನೆ, ಹಾಸಿಗೆಯೆಲ್ಲ ರಕ್ತ. 34ರಲ್ಲಿ ಅದೇ ಕಿಟಕಿ ತೆರೆದಿದೆ, ಮಳೆ ಒಳಗೆ ಹೊಡೆಯುತ್ತಿದೆ, ಹೀತ್‌ಕ್ಲಿಫ್ ಸತ್ತು ಮಲಗಿದ್ದಾನೆ. ಬಡಿದುಕೊಳ್ಳುವ ಕಿಟಕಿ ಬಾಗಿಲಿಗೆ ಸಿಕ್ಕಿ ಅವನ ಕೈ ತರಚಿದೆ. ಒಂದು ಹನಿ ರಕ್ತ ಇಲ್ಲ.

ಈಗ ಅಧ್ಯಾಯದ ತಲೆಯಲ್ಲಿ ಬರೆದ ಹೆಸರು ನೋಡಿ. ದೆವ್ವಕ್ಕೆ ರಕ್ತ ಬಂತು ಅಂದವನು ಮೊಲವನ್ನು ಬೆಕ್ಕು ಅಂದವನೇ. ಹೆಣಕ್ಕೆ ಬರಲಿಲ್ಲ ಅಂದವಳು ನೆಲ್ಲಿ.