ನೋಡೋಕೆ ಎಲ್ಲಾ ಕಪ್ಪು ರಬ್ಬರೇ

ಪಂಪು, ಕಂಪ್ರೆಸರ್ ರಿಪೇರಿ ನನ್ನ ಕೆಲಸ. ಸೋರುತ್ತಿದೆ ಅಂತ ಬಂದ ಮೆಷಿನ್ ಬಿಚ್ಚಿದರೆ ಎಷ್ಟೋ ಸಲ ಲೋಹದ ಭಾಗಗಳೆಲ್ಲ ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಸೋರದಂತೆ ಸಂದಿ ಮುಚ್ಚುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಅಥವಾ ಆಯಿಲ್ ಸೀಲ್. ಅದೂ ಹಳತಾಗಿ ಅಲ್ಲ, ಆ ಜಾಗಕ್ಕೆ ಒಗ್ಗದ ರಬ್ಬರ್ ಹಾಕಿರುತ್ತಾರೆ. ಅಳತೆ ಕೂತರೆ ಸಾಕು ಅನ್ನುವ ಲೆಕ್ಕ.

ನಾನು ಅಳತೆ ಆಮೇಲೆ ನೋಡುತ್ತೇನೆ. ಮೊದಲು ಕೇಳುವುದು, ಇದಕ್ಕೆ ಏನು ತಾಗುತ್ತದೆ, ಎಷ್ಟು ಬಿಸಿ ಆಗುತ್ತದೆ? ಡೀಸೆಲ್, ಎಂಜಿನ್ ಆಯಿಲ್, ಗ್ರೀಸ್ ಆದರೆ ನೈಟ್ರೈಲ್ ರಬ್ಬರ್. ಕೈಗವಸು ಮಾಡುತ್ತಾರಲ್ಲ, ಅದೇ. ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಎಣ್ಣೆ ಅದಕ್ಕಿಂತ ಬಿಸಿಯಾದರೆ ವೈಟಾನ್ ಹಾಕುತ್ತೇನೆ. ಬೆಲೆ ಜಾಸ್ತಿ, ಆದರೆ 200 ಡಿಗ್ರಿ ಹತ್ತಿರವೂ ಜಗ್ಗುವುದಿಲ್ಲ. ಬಿಸಿನೀರು, ಆವಿ, ಬಿಸಿಲು, ಮಳೆ ಇರುವ ಕಡೆ ಇಪಿಡಿಎಂ ಅನ್ನುವ ರಬ್ಬರ್. ರೇಡಿಯೇಟರ್ ಹೋಸ್, ಕಾರಿನ ಬಾಗಿಲ ಸುತ್ತಿನ ಪಟ್ಟಿ ಸಾಮಾನ್ಯವಾಗಿ ಇದರದ್ದೇ. ಗಾಳಿ ಹಿಡಿದಿಡಬೇಕಾದ ಟ್ಯೂಬಿಗೆ ಬ್ಯೂಟೈಲ್. ಸಿಲಿಕೋನ್ ಶಾಖಕ್ಕೂ ಚಳಿಗೂ ಜಗ್ಗದು, ಆದರೆ ಬೇಗ ಹರಿದು ಕಿತ್ತುಬರುತ್ತದೆ. ಅದಕ್ಕೇ ತಿರುಗುವ ಶಾಫ್ಟಿಗೆ ಸಿಲಿಕೋನ್ ಓ-ರಿಂಗ್ ಹಾಕಲ್ಲ.

ಎಣ್ಣೆ ತಾಗುವ ಕಡೆ ಮಾತ್ರ ಇಪಿಡಿಎಂ ಆಗಲ್ಲ, ಉಬ್ಬುತ್ತದೆ. ಇಪಿಡಿಎಂ ಮತ್ತು ಪೆಟ್ರೋಲಿಯಂ ಎಣ್ಣೆ ಎರಡೂ ಹೆಚ್ಚುಕಡಿಮೆ ಬರೀ ಕಾರ್ಬನ್, ಹೈಡ್ರೋಜನ್. ಒಂದೇ ಜಾತಿಯವು, ಹಾಗಾಗಿ ಎಣ್ಣೆ ಸಲೀಸಾಗಿ ಒಳಗೆ ನುಗ್ಗುತ್ತದೆ. ನೈಟ್ರೈಲಿನಲ್ಲಿರುವ ಅಕ್ರಿಲೋನೈಟ್ರೈಲ್ ಅಂಶ ಎಣ್ಣೆಯನ್ನು ದೂರ ಇಡುತ್ತದೆ. ಆ ಅಂಶ ಹೆಚ್ಚಿದಷ್ಟೂ ಎಣ್ಣೆಗೆ ಗಟ್ಟಿ, ಆದರೆ ಚಳಿಗೆ ಬೇಗ ಬಿಗಿಯುತ್ತದೆ. ಎರಡೂ ಬೇಕು ಅಂದರೆ ಸಿಗಲ್ಲ. ಬ್ರೇಕಿಗೆ ಬಂದರೆ ಲೆಕ್ಕ ಉಲ್ಟಾ. ಡಾಟ್ 3, ಡಾಟ್ 4 ಬ್ರೇಕ್ ದ್ರವ ಗ್ಲೈಕಾಲ್ ಜಾತಿಯದು. ಅಲ್ಲಿ ನೈಟ್ರೈಲ್ ಕೆಡುತ್ತದೆ, ಇಪಿಡಿಎಂ ನಿಲ್ಲುತ್ತದೆ.

ಬಿಚ್ಚಿದ ಹಳೇ ರಿಂಗನ್ನು ನಾನು ಎಸೆಯುವ ಮುಂಚೆ ಒರೆಸಿ ಬೆಳಕಿಗೆ ಹಿಡಿಯುತ್ತೇನೆ. ದುಂಡಗಿದ್ದದ್ದು ಚಪ್ಪಟೆಯಾಗಿ ಹಾಗೇ ಉಳಿದಿದ್ದರೆ ಶಾಖ ಜಾಸ್ತಿ ಆಗಿದೆ, ಇಲ್ಲವೇ ಅತಿಯಾಗಿ ಒತ್ತಿದ್ದಾರೆ. ದಪ್ಪಗಾಗಿ, ಮೆತ್ತಗೆ, ನೆನೆದ ಕಡಲೆಯಂತೆ ಉಬ್ಬಿದ್ದರೆ ದ್ರವ ಒಗ್ಗಿಲ್ಲ. ಒಂದೇ ಅಂಚು ಚೂರು ಚೂರು ಕಚ್ಚಿದ ಹಾಗೆ ಕಿತ್ತು ಬಂದಿದ್ದರೆ ಒತ್ತಡಕ್ಕೆ ರಬ್ಬರ್ ಸಂದಿಗೆ ನುಗ್ಗಿದೆ. ಇದಕ್ಕೆ ಜಾತಿ ಬದಲಿಸಿದರೆ ಸಾಲದು, ಇನ್ನೂ ಗಟ್ಟಿ ರಬ್ಬರ್ ಬೇಕು. ರಬ್ಬರಿನ ಗಟ್ಟಿತನವನ್ನು ಶೋರ್ ಲೆಕ್ಕದಲ್ಲಿ ಹೇಳುತ್ತಾರೆ, 70 ಶೋರ್ ಇದ್ದ ಕಡೆ 90 ಶೋರ್ ಹಾಕಿ ನೋಡುತ್ತೇನೆ. ಎಳೆದಾಗ ಅಡ್ಡಡ್ಡ ಸಣ್ಣ ಬಿರುಕು ಕಂಡರೆ ಗಾಳಿಯಲ್ಲಿರುವ ಓಝೋನ್ ಅನಿಲದ ಕೆಲಸ. ನೈಟ್ರೈಲಿಗೆ ಇದು ಮಾಮೂಲು ಕಾಯಿಲೆ. ಕಿಡಿ ಹಾರುವ ಮೋಟರ್, ವೆಲ್ಡಿಂಗ್ ಇರುವ ಕಡೆ ಇನ್ನೂ ಜಾಸ್ತಿ.

ಯಾವ ರಬ್ಬರ್ ಅಂತ ಗೊತ್ತಾಗದಿದ್ದರೆ ಒಂದು ಚೂರು ಕತ್ತರಿಸಿ, ದಪ್ಪ ಅಳೆದು, ಅದು ಕೆಲಸ ಮಾಡಬೇಕಾದ ದ್ರವದಲ್ಲೇ ಮುಚ್ಚಳದ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸುತ್ತೇನೆ. ಬೆಳಿಗ್ಗೆ ಮತ್ತೆ ಅಳೆಯುತ್ತೇನೆ. ಉಬ್ಬಿದ್ದರೆ ಅದು ಬೇಡವೇ ಬೇಡ. ಉಬ್ಬದಿದ್ದರೆ ಇನ್ನಷ್ಟು ದಿನ ಬಿಟ್ಟು ನೋಡುವುದು ಒಳ್ಳೆಯದು. ಸುಟ್ಟು ನೋಡುವವರೂ ಇದ್ದಾರೆ. ಸಿಲಿಕೋನ್ ಬಿಳಿ ಬೂದಿ ಬಿಡುತ್ತದೆ, ಅದು ನಿಜ. ಆದರೆ ಕೈಯಲ್ಲಿರುವುದು ವೈಟಾನ್ ಆಗಿದ್ದರೆ ಬರುವ ಹೊಗೆ ತುಂಬಾ ವಿಷ. ಗೊತ್ತಿಲ್ಲದ ರಬ್ಬರ್ ಸುಡೋದು ಯಾಕೆ, ಅಲ್ವಾ?

ಕೂರಿಸುವಾಗ ಕೈಗೆ ಸಿಕ್ಕಿದ ಗ್ರೀಸ್ ಸವರುವುದೂ ಬೇಡ. ಇಪಿಡಿಎಂ ರಿಂಗಿಗೆ ಮಾಮೂಲಿ ಗ್ರೀಸ್ ಅಥವಾ ವ್ಯಾಸಲೀನ್ ಹಚ್ಚಿದರೆ ಅಲ್ಲೇ ಉಬ್ಬಲು ಶುರು. ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ. ಸಿಲಿಕೋನ್ ರಿಂಗಿಗೆ ಮಾತ್ರ ಸಿಲಿಕೋನ್ ಗ್ರೀಸ್ ಆಗಲ್ಲ, ಅದೂ ಉಬ್ಬುತ್ತದೆ.