ಜಿಮ್ಯಾಟ್ ತರ್ಕದ ಪ್ರಶ್ನೆಯಲ್ಲಿ ಅಂಕಿ ಕಂಡರೆ ಏನು ಮಾಡಬೇಕು?

ಎಂಬಿಎಯಂಥ ಕೋರ್ಸ್‌ಗಳ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ವರ್ಬಲ್ (ಓದು ಮತ್ತು ತರ್ಕದ) ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಒಂದಕ್ಕೆ ಪೂರ್ತಿ ಎರಡು ನಿಮಿಷವೂ ಸಿಗುವುದಿಲ್ಲ. ಕ್ರಿಟಿಕಲ್ ರೀಸನಿಂಗ್, ಅಂದರೆ ಚಿಕ್ಕ ಪ್ಯಾರಾದಲ್ಲಿ ಒಂದು ವಾದ ಕೊಟ್ಟು ಅದನ್ನು ಪರಿಶೀಲಿಸಲು ಹೇಳುವ ಪ್ರಶ್ನೆಯಲ್ಲಿ ಅಂಕಿ ಕಂಡ ಕೂಡಲೇ ಲೆಕ್ಕ ಬಿಡಿಸಲು ಕೂರುವವರು ಇಲ್ಲೇ ಸಮಯ ಕಳೆದುಕೊಳ್ಳುತ್ತಾರೆ. ಪರೀಕ್ಷಕರು ಕೇಳುವುದು ಇಷ್ಟೇ: ಕೊಟ್ಟ ಅಂಕಿಯನ್ನು ನಂಬಿ ಆ ತೀರ್ಮಾನಕ್ಕೆ ಬರಬಹುದೇ?

ಮೊದಲು ಪ್ಯಾರಾದ ಕೆಳಗಿನ ಪ್ರಶ್ನೆ ಓದಿ. ವಾದವನ್ನು ಬಲಪಡಿಸಬೇಕೋ, ಸಡಿಲಿಸಬೇಕೋ, ಅದರ ಹಿಂದಿನ ಊಹೆಯನ್ನು ಗುರುತಿಸಬೇಕೋ ತಿಳಿಯುತ್ತದೆ. ಆಮೇಲೆ ತೀರ್ಮಾನದ ವಾಕ್ಯ ಹುಡುಕಿ. ಆಧಾರ ಯಾವ ಅಳತೆಯಲ್ಲಿದೆ, ತೀರ್ಮಾನ ಯಾವ ಅಳತೆಯಲ್ಲಿದೆ ಎಂದು ಪಕ್ಕಪಕ್ಕದಲ್ಲಿ ಗುರುತು ಹಾಕಿಕೊಳ್ಳಿ: ಸಂಖ್ಯೆಯೋ, ಶೇಕಡಾವಾರೋ, ಸರಾಸರಿಯೋ? ಎರಡೂ ಹೊಂದದಿದ್ದರೆ ವಾದದ ಬಿರುಕು ಬಹುತೇಕ ಅಲ್ಲೇ ಇರುತ್ತದೆ.

ಒಂದು ಮಾದರಿ ನೋಡೋಣ. ‘ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ಬೈಕ್ ಸವಾರರಲ್ಲಿ ಶೇ 60ರಷ್ಟು ಮಂದಿ ಹೆಲ್ಮೆಟ್ ಹಾಕಿದ್ದರು. ಆದ್ದರಿಂದ ಹೆಲ್ಮೆಟ್‌ನಿಂದ ರಕ್ಷಣೆ ಇಲ್ಲ.’ ಈ ಶೇ 60 ಯಾರಲ್ಲಿ? ಗಾಯಗೊಂಡವರಲ್ಲಿ. ತೀರ್ಮಾನ ಯಾರ ಬಗ್ಗೆ? ಎಲ್ಲ ಸವಾರರ ಬಗ್ಗೆ. ಒಟ್ಟು ಸವಾರರಲ್ಲಿ ಹೆಲ್ಮೆಟ್ ಹಾಕುವವರೆಷ್ಟು ಎಂಬುದೇ ಇಲ್ಲಿಲ್ಲ. 1 ಲಕ್ಷ ಸವಾರರಲ್ಲಿ 90 ಸಾವಿರ ಮಂದಿ ಹಾಕುತ್ತಾರೆ, ಗಾಯಗೊಂಡವರು 500 ಎಂದುಕೊಳ್ಳಿ. ಹಾಕಿದವರ ಪೈಕಿ 90 ಸಾವಿರಕ್ಕೆ 300, ಹಾಕದವರ ಪೈಕಿ 10 ಸಾವಿರಕ್ಕೆ 200. ಹೆಲ್ಮೆಟ್ ಇಲ್ಲದವರಿಗೆ ಅಪಾಯ ಆರು ಪಟ್ಟು! ಅದೇ ಶೇ 60 ಈಗ ಹೆಲ್ಮೆಟ್ ಪರವಾಗಿ ಮಾತಾಡುತ್ತಿದೆ. ವಾದವನ್ನು ಸಡಿಲಿಸುವ ಉತ್ತರ ಬೇಕಿದ್ದರೆ ‘ಸವಾರರಲ್ಲಿ ಶೇ 60ಕ್ಕಿಂತ ಬಹಳ ಹೆಚ್ಚು ಮಂದಿ ಹೆಲ್ಮೆಟ್ ಹಾಕುತ್ತಾರೆ’ ಎಂಬ ಆಯ್ಕೆಯನ್ನೇ ಹುಡುಕಿ.

ಪಾಲು ಇಳಿದ ಮಾತ್ರಕ್ಕೆ ಮೊತ್ತವೂ ಇಳಿಯಿತು ಎನ್ನುವ ವಾದವೂ ಪದೇ ಪದೇ ಬರುತ್ತದೆ. ಕಂಪನಿಯ ಆದಾಯದಲ್ಲಿ ರಫ್ತಿನ ಪಾಲು ಶೇ 40ರಿಂದ 30ಕ್ಕೆ ಬಂತು, ಹಾಗಾಗಿ ರಫ್ತು ಕುಸಿಯಿತು ಎನ್ನುತ್ತಾರೆ. ಒಟ್ಟು ಆದಾಯ 100 ಕೋಟಿಯಿಂದ 150 ಕೋಟಿಗೆ ಏರಿದ್ದರೆ ರಫ್ತು 40ರಿಂದ 45 ಕೋಟಿಗೆ ಹೆಚ್ಚಿದೆ. ‘ಒಟ್ಟು ಆದಾಯ ಮೂರನೇ ಒಂದು ಭಾಗದಷ್ಟು ಏರಿಲ್ಲ’ ಎಂಬುದು ಈ ವಾದದ ಅಡಿಯಲ್ಲಿ ಅಡಗಿರುವ ಊಹೆ. ಉತ್ತರ ಸರಿಯೇ ಎಂದು ನೋಡಲು ಅದನ್ನು ತಿರುವಿ ಹಾಕಿ: ‘ಅಷ್ಟು ಏರಿದೆ’ ಎಂದ ತಕ್ಷಣ ವಾದ ಬಿದ್ದುಹೋಗಬೇಕು. ಬೀಳದಿದ್ದರೆ ಅದು ಉತ್ತರವಲ್ಲ.

ಸರಾಸರಿ ಬಂದರೆ ಗುಂಪಿನೊಳಗೆ ಯಾರು ಸೇರಿದರು, ಯಾರು ಹೊರಬಿದ್ದರು ಎಂದು ಕೇಳಿ. ಕಡಿಮೆ ಸಂಬಳದ ಹೊಸಬರು ಸೇರಿದರೆ ಯಾರ ಸಂಬಳವೂ ಕಡಿತವಾಗದೆ ಸರಾಸರಿ ಇಳಿಯುತ್ತದೆ. ಲಾಭದ ಮಾತು ಬಂದರೆ ಖರ್ಚನ್ನೂ ಲೆಕ್ಕಕ್ಕೆ ತನ್ನಿ.

‘ಯಾವ ಮಾಹಿತಿ ಸಿಕ್ಕರೆ ಈ ವಾದವನ್ನು ಅಳೆಯಬಹುದು’ ಎಂಬ ಬಗೆಯ ಪ್ರಶ್ನೆಗೆ ಆಯ್ಕೆಯಲ್ಲಿ ಕೇಳಿದ ಪ್ರಮಾಣದ ಜಾಗದಲ್ಲಿ ಒಮ್ಮೆ 0, ಒಮ್ಮೆ 100 ಇಟ್ಟು ನೋಡಿ. ಒಂದರಲ್ಲಿ ವಾದ ಗಟ್ಟಿಯಾಗಿ, ಇನ್ನೊಂದರಲ್ಲಿ ಸಡಿಲವಾದರೆ ಅದೇ ಉತ್ತರ.

ತಪ್ಪು ಆಯ್ಕೆಗಳು ಸಾಮಾನ್ಯವಾಗಿ ಪ್ಯಾರಾದ ಅಂಕಿಯನ್ನೇ ಹಿಡಿದು ಬೇರೆ ಗುಂಪಿನ ಬಗ್ಗೆ ಮಾತಾಡುತ್ತವೆ. ಸವಾರರ ಬದಲು ಕಾರು ಚಾಲಕರು, ಈ ವರ್ಷದ ಬದಲು ಹತ್ತು ವರ್ಷದ ಹಿಂದಿನ ಕಥೆ. ಕೊನೆಯಲ್ಲಿ ಎರಡು ಆಯ್ಕೆ ಉಳಿದು ತಲೆ ಕೆಟ್ಟರೆ ಪ್ಯಾರಾ ಪೂರ್ತಿ ಮತ್ತೆ ಓದಬೇಡಿ, ತೀರ್ಮಾನದ ವಾಕ್ಯಕ್ಕೆ ಮಾತ್ರ ಮರಳಿ. ಅಭ್ಯಾಸದಲ್ಲಿ ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ‘ಯಾವುದರಲ್ಲಿ ಶೇಕಡಾ?’ ಎಂಬುದಕ್ಕೆ ಒಂದು ಸಾಲು ಬರೆದಿಡಿ. ನಿಮ್ಮ ಕಣ್ಣು ತಪ್ಪುವುದು ಪಾಲಿನಲ್ಲೋ, ಸರಾಸರಿಯಲ್ಲೋ, ಗುಂಪು ಬದಲಾಗುವಲ್ಲೋ ಎಂಬುದು ಆ ಸಾಲುಗಳಿಂದಲೇ ಗೊತ್ತಾಗುತ್ತದೆ.